ಮೊರಿಗನ್ ದೇವಿಯೋ ದೆವ್ವವೋ?

ಪ್ರಶ್ನೆ: ಅಕ್ಕಾ, ನನ್ನ ಮಗ ಹತ್ತನೇ ಕ್ಲಾಸು, ಯಾವಾಗ್ಲೂ ಮೊಬೈಲ್ ಗೇಮು. ಅದ್ರಲ್ಲಿ ಮೊರಿಗನ್ ಅಂತ ಒಬ್ಬಳು ಬರ್ತಾಳೆ, ಕಪ್ಪು ರೆಕ್ಕೆ, ಮೈಯೆಲ್ಲ ರಕ್ತ. ಇವಳು ಐರ್ಲೆಂಡಿನ ದೇವಿ ಅಂತಾನೆ ಅವ್ನು. ನಿಜಾನಾ? ಅಲ್ಲಿನ ದೇವಿಯರೆಲ್ಲ ಹಿಂಗೇನಾ? (ಓದುಗರು, ಡೊಂಬಿವಲಿ)

ಉತ್ತರ: ಮಗ ಹೇಳಿದ್ದು ನಿಜ ಕಣ್ರೀ, ದೇವೀನೇ. ಆದ್ರೆ ಗೇಮಿನವ್ರು ಅರ್ಧಾನೇ ತೋರ್ಸಿದಾರೆ. ರಣರಂಗದ ಮೇಲೆ ಕಾಗೆಯಾಗಿ ಹಾರಾಡೋದು, ಯಾರು ಸಾಯ್ತಾರೆ ಅಂತ ಮುಂಚೇನೇ ಹೇಳೋದು, ಅದೆಲ್ಲ ಸರಿ. ಆದ್ರೆ ಕೂಖುಲಿನ್ ಅನ್ನೋ ವೀರನ ಜೊತೆ ಅವಳ ಪ್ರಸಂಗ ಕೇಳಿ. ರಾಜಕುಮಾರಿ ವೇಷದಲ್ಲಿ ಬಂದು ನಿನ್ನ ಮೇಲೆ ಮನಸಾಗಿದೆ ಅಂತಾಳೆ, ಇವ್ನು ನಾನು ಬಂದಿರೋದು ಯುದ್ಧಕ್ಕೆ ಹೋಗಮ್ಮ ಅಂತ ಅಟ್ತಾನೆ. ಆಮೇಲೆ ಅವ್ನು ಹೊಳೇಲಿ ನಿಂತು ಕಾದಾಡ್ತಿರುವಾಗ ಹಾವುಮೀನಾಗಿ ಕಾಲಿಗೆ ಸುತ್ಕೊಳ್ತಾಳೆ, ತೋಳವಾಗಿ ಮೇಲೆ ಬೀಳ್ತಾಳೆ, ಕೆಂಪು ಕಡಸಾಗಿ ನುಗ್ತಾಳೆ, ಮೂರು ಸಲಾನೂ ಅವ್ನ ಕೈಲಿ ಪೆಟ್ಟು ತಿಂತಾಳೆ, ಪಕ್ಕೆ, ಕಣ್ಣು, ಕಾಲು ಮೂರೂ ಗಾಯ. ಯುದ್ಧ ಮುಗಿಸಿ ಗಂಟಲೊಣಗಿ ಬಂದವನಿಗೆ ಒಬ್ಬ ಮುದುಕಿ ಮೂರು ಮೊಲೆಯ ಹಸು ಕರೀತಾ ಕೂತಿರೋದು ಕಾಣತ್ತೆ. ಒಂದೊಂದು ಮೊಲೆ ಹಾಲು ಕುಡಿದಾಗ್ಲೂ ನಿನಗೆ ಒಳ್ಳೇದಾಗ್ಲಿ ತಾಯಿ ಅಂತ ಹರಸ್ತಾನೆ, ಒಂದೊಂದು ಹರಕೆಗೂ ಅವಳ ಒಂದೊಂದು ಗಾಯ ಮಾಯ್ತಾ ಹೋಗತ್ತೆ. ಹೊಡೆದವನ ಬಾಯಿಂದಾನೇ ಹರಸಿಸಿಕೊಂಡು ವಾಸಿಯಾಗೋ ದೇವಿ! ಇದನ್ನ ಮಗನಿಗೆ ಹೇಳಿ, ಗೇಮ್‌ಗಿಂತ ಚೆನ್ನಾಗಿದೆ.

ಆದ್ರೆ ನನ್ನ ಕೇಳಿದ್ರೆ ಮಾಖಾ ಅನ್ನೋ ಇನ್ನೊಬ್ಬ ದೇವಿ ಕಥೆನೇ ಎಲ್ಲಕ್ಕಿಂತ ದೊಡ್ಡದು. ಐರ್ಲೆಂಡಿನ ಉತ್ತರದ ಅಲ್ಸ್ಟರ್ ನಾಡಲ್ಲಿ ಹೆಂಡತಿ ಸತ್ತ ಒಬ್ಬ ರೈತನ ಮನೆಗೆ ಯಾರೂ ಕರೀದೆ ಬಂದು, ಒಲೆ ಹಚ್ಚಿ, ಸಂಸಾರ ಹೂಡ್ತಾಳೆ, ಮನೆ ತುಂಬಿ ತುಳುಕತ್ತೆ. ಗಂಡ ಜಾತ್ರೆಗೆ ಹೊರಟಾಗ ನನ್ನ ಸುದ್ದಿ ಎತ್ತಬೇಡ ಅಂತ ಹೇಳೇ ಕಳ್ಸಿರ್ತಾಳೆ. ಅವ್ನೋ, ರಾಜನ ಕುದುರೆಗಳು ಗೆದ್ದಿದ್ದು ನೋಡಿ ಇದಕ್ಕಿಂತ ನನ್ನ ಹೆಂಡ್ತಿ ಜೋರಾಗಿ ಓಡ್ತಾಳೆ ಅಂದ್ಬಿಡ್ತಾನೆ. ಎಳ್ಕೊಂಡ್ ಬನ್ನಿ ಅಂತಾನೆ ರಾಜ. ತುಂಬು ಬಸುರಿ, ನೋವು ಶುರುವಾಗಿದೆ, ನಿಮ್ಮನ್ನೂ ಒಬ್ಬ ತಾಯಿ ಹೆತ್ತಿದಾಳೆ, ಹೆರಿಗೆ ಆಗೋವರೆಗಾದ್ರೂ ತಡೀರಿ ಅಂತ ನೆರೆದ ಜನರನ್ನೆಲ್ಲ ಬೇಡ್ಕೊಳ್ತಾಳೆ, ಒಬ್ಬನಿಗೂ ಕರುಣೆ ಬರಲ್ಲ. ಓಡ್ತಾಳೆ, ಕುದುರೆಗಳನ್ನ ಸೋಲಿಸ್ತಾಳೆ, ಗುರಿ ಹತ್ರಾನೇ ಅವಳಿ ಮಕ್ಕಳನ್ನ ಹೆರ್ತಾಳೆ. ಚೀರ್ತಾ ಶಾಪ ಹಾಕ್ತಾಳೆ: ನಾಡಿಗೆ ಆಪತ್ತು ಬಂದಾಗೆಲ್ಲ ಇಲ್ಲಿನ ಗಂಡಸ್ರು ಹೆರಿಗೆ ನೋವಲ್ಲಿ ಬಿದ್ದು ಒದ್ದಾಡ್ಲಿ, ಒಂಬತ್ತು ತಲೆಮಾರು.

ಆ ಶಾಪ ತಟ್ಟಿದ್ದು ಪಕ್ಕದ ಕೊನಾಕ್ಟ್ ನಾಡಿನ ರಾಣಿ ಮೇವ್ ದಂಡೆತ್ತಿ ಬಂದಾಗ. ಗಂಡನ ಜೊತೆ ಆಸ್ತಿ ಲೆಕ್ಕ ಹಾಕ್ತಾಳೆ, ಪಾತ್ರೆ, ಉಂಗುರ, ಕುರಿ, ಕುದುರೆ ಎಲ್ಲ ಸರಿಸಮ, ಒಂದು ಹೋರಿ ಮಾತ್ರ ಅವನ ಹತ್ರ ಜಾಸ್ತಿ, ಅದಕ್ಕೆ ಸರಿಸಾಟಿ ಹೋರಿ ಅಲ್ಸ್ಟರ್ ನಾಡಲ್ಲಿದೆ ಅಂತ ಸೈನ್ಯಾನೇ ಕಟ್ಕೊಂಡು ಹೊರಡ್ತಾಳೆ. ಅಲ್ಸ್ಟರ್ ಗಂಡಸ್ರೆಲ್ಲ ನೋವಲ್ಲಿ ಬಿದ್ದಿದಾರೆ, ಶಾಪ ತಟ್ಟದ ಕೂಖುಲಿನ್ ಒಬ್ನೇ ಅಡ್ಡ ನಿಲ್ತಾನೆ. ಮೊರಿಗನ್ ಪ್ರಸಂಗಾನೂ ಆಗೋದು ಅದೇ ಯುದ್ಧದಲ್ಲಿ. ಒಬ್ಬ ಬಸುರಿ ಮಾತು ಕೇಳಿದ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ ನೋಡಿ.

ಪ್ರಶ್ನೆ: ಬ್ರಿಜಿಡ್ ಅಂದ್ರ ದೇವಿ ಏನ್ರೀ, ಇಲ್ಲಾ ಚರ್ಚಿನ ಸಂತಳೋ? (ಕಾಲೇಜು ವಿದ್ಯಾರ್ಥಿನಿ, ಪುಣೆ)

ಉತ್ತರ: ಎರಡೂ ಹೌದಮ್ಮ. ಕವಿಗಳು, ಕಮ್ಮಾರರು, ವೈದ್ಯರು ಪೂಜಿಸ್ತಿದ್ದ ದೇವಿ, ಅದೇ ಹೆಸರಿನ ಸಂತ ಐರ್ಲೆಂಡಿನ ಕಿಲ್ಡೇರ್ ಊರಿನವಳು. ಅಲ್ಲಿ ಸನ್ಯಾಸಿನಿಯರು ಶತಮಾನಗಟ್ಟಲೆ ಆರದ ಬೆಂಕಿ ಕಾಯ್ತಿದ್ರು, 1993ರಲ್ಲಿ ಮತ್ತೆ ಹಚ್ಚಿದಾರೆ. ಅವಳ ಹಬ್ಬ ಫೆಬ್ರವರಿ 1. 2023ರಿಂದ ಇಡೀ ದೇಶಕ್ಕೆ ಸರ್ಕಾರಿ ರಜೆ, ಅಲ್ಲಿ ಒಬ್ಬ ಹೆಂಗಸಿನ ಹೆಸರಲ್ಲಿ ಸಿಕ್ಕ ಮೊದಲ ರಜೆ ಅದು. ಓದಿ ಖುಷಿಯಾಯ್ತು ನನಗೆ.

ಪ್ರಶ್ನೆ: ನಾನು ಹಡಗಿನಲ್ಲಿ ಕೆಲಸ ಮಾಡೋನು, ಡಬ್ಲಿನ್‌ನಲ್ಲಿ ಒಂದೆರಡು ದಿನ ನಿಲ್ತೀವಿ. ಇವ್ರ ಜಾಗ ಏನಾದ್ರೂ ನೋಡಬಹುದಾ? (ವಾಸ್ಕೋ, ಗೋವಾ)

ಉತ್ತರ: ಓಕಾನಲ್ ಸ್ಟ್ರೀಟಿನ ದೊಡ್ಡ ಪೋಸ್ಟಾಫೀಸಿಗೆ ಹೋಗಿ, ಕಂಬಕ್ಕೆ ಕಟ್ಕೊಂಡು ನಿಂತೇ ಸತ್ತ ಕೂಖುಲಿನ್‌ನ ಕಂಚಿನ ಮೂರ್ತಿ ಇದೆ, ಭುಜದ ಮೇಲೆ ಹಕ್ಕಿ ಕೂತಿರತ್ತೆ. ಒಂದಿಡೀ ದಿನ ಸಿಕ್ಕಿದ್ರೆ ರೈಲಲ್ಲಿ ಸ್ಲೈಗೋಗೆ ಹೋಗಿ, ಸುಮಾರು ಮೂರು ಗಂಟೆ ದಾರಿ. ಪಕ್ಕದ ನಾಕ್ನರೇ ಬೆಟ್ಟದ ತುದೀಲಿ ಹತ್ತು ಮೀಟರ್ ಎತ್ತರದ ಕಲ್ಲಿನ ರಾಶಿ ಇದೆ, ಅದೇ ಮೇವ್ ರಾಣಿ ಸಮಾಧಿ ಅಂತ ಅಲ್ಲಿನವ್ರು ನಂಬ್ತಾರೆ. ಬೆಟ್ಟ ಹತ್ತಿ, ಆದ್ರೆ ದಯವಿಟ್ಟು ಆ ಕಲ್ಲಿನ ರಾಶಿ ಮೇಲೆ ಹತ್ತಬೇಡಿ, ಜನ ತುಳಿದೂ ತುಳಿದೂ ಕಲ್ಲು ಜಾರ್ತಾ ಇದೆ.