ಮೊದಲ ಸಲ ಬರ್ಲಿನ್‌ನಲ್ಲಿ ಇಳಿದಾಗ ಟ್ಯಾಕ್ಸಿಯೋ, ರೈಲೋ?

ತೀರ್ಥಹಳ್ಳಿಯಿಂದ ಹೊರಟು ಭಾನುವಾರ ಸಂಜೆ ಬರ್ಲಿನ್‌ನಲ್ಲಿ ಇಳಿಯುತ್ತೇನೆ, ಜರ್ಮನ್ ಬಾರದು, ಊರೊಳಗೆ ಹೋಗಲು ಟ್ಯಾಕ್ಸಿ ಒಳ್ಳೆಯದೋ ರೈಲೋ ಅಂತ ಕೇಳಿದ್ದೀರಿ. ನಾನು ಶಿವಮೊಗ್ಗದವನು. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಇಳಿದೆ, ರೈಲು ಹತ್ತಿದೆ, 60 ಯೂರೊ ದಂಡ ಕಟ್ಟಿದೆ. ದುಡ್ಡು ಕೊಟ್ಟು ತಗೊಂಡ ಟಿಕೆಟ್ ಕೈಯಲ್ಲೇ ಇತ್ತು.

ಇದನ್ನು ಬಿಡಿಸಿ ಹೇಳುತ್ತೇನೆ, ನಮ್ಮ ಕಡೆಯವರು ಎಡವುವುದು ಇಲ್ಲೇ. ನಮ್ಮಲ್ಲಿ ಬಸ್ ಹತ್ತಿ ಕೂತರೆ ಕಂಡಕ್ಟರ್ ತಾನಾಗಿ ಬರುತ್ತಾನೆ. ಟಿಕೆಟ್ ಕೈಗೆ ಬಂತು ಅಂದರೆ ನಮ್ಮ ಜವಾಬ್ದಾರಿ ಮುಗಿಯಿತು. ಬೆಂಗಳೂರು ಮೆಟ್ರೋದಲ್ಲಾದರೆ ಗೇಟು ತಡೆಯುತ್ತದೆ. ಬರ್ಲಿನ್‌ನಲ್ಲಿ ಎರಡೂ ಇಲ್ಲ. ಮೆಷಿನ್‌ನಿಂದ ಬರುವ ಕಾಗದದ ಟಿಕೆಟ್ ಇನ್ನೂ ಶುರುವಾಗದ ಟಿಕೆಟ್. ಪ್ಲಾಟ್‌ಫಾರ್ಮ್ ಮೇಲೆ ಸೊಂಟದೆತ್ತರದ ಒಂದು ಡಬ್ಬಿ ಇರುತ್ತದೆ, ಎಸ್-ಬಾನ್ ಅನ್ನುವ ಉಪನಗರ ರೈಲಿನ ನಿಲ್ದಾಣಗಳಲ್ಲಿ ಕೆಂಪು, ಯು-ಬಾನ್ ಅನ್ನುವ ಮೆಟ್ರೋದಲ್ಲಿ ಹಳದಿ. ಟಿಕೆಟ್ ಮೇಲಿನ ಬಾಣದ ಗುರುತನ್ನು ಮುಂದೆ ಮಾಡಿ ಅದರ ಸೀಳಿನೊಳಗೆ ತೂರಿಸಬೇಕು. ಕಟಕ್ ಅಂತ ಸದ್ದಾಗಿ ದಿನ, ಸಮಯ, ಸ್ಥಳದ ಮುದ್ರೆ ಬೀಳುತ್ತದೆ. ಅಲ್ಲಿಂದ ಎರಡು ತಾಸು ಒಂದೇ ದಿಕ್ಕಿನಲ್ಲಿ ಎಷ್ಟು ಬೇಕಾದರೂ ರೈಲು, ಬಸ್ ಬದಲಿಸಬಹುದು. ಟ್ರಾಮ್ ಮತ್ತು ಬಸ್ಸಿನಲ್ಲಿ ಈ ಡಬ್ಬಿ ವಾಹನದ ಒಳಗೇ ಇರುತ್ತದೆ.

ನಾನು ಮುದ್ರೆ ಹಾಕಿಸಿರಲಿಲ್ಲ. ಸಾದಾ ಬಟ್ಟೆಯಲ್ಲಿದ್ದ ತಪಾಸಣೆಯವರು ಕೇಳಿದಾಗ ಧೈರ್ಯವಾಗಿ ಟಿಕೆಟ್ ತೋರಿಸಿದೆ. ಅವರು ನೋಡಿದ್ದು ಅದರ ತುದಿಯನ್ನು ಮಾತ್ರ. ಆ ಜಾಗ ಖಾಲಿ ಇತ್ತು. ಈಗ ತಾನೇ ತಗೊಂಡೆ, ಹೊಸಬ ಅಂದರೂ ನಡೆಯಲಿಲ್ಲ. ಆಗ ಅನ್ಯಾಯ ಅನ್ನಿಸಿತು, ಆಮೇಲೆ ಯೋಚಿಸಿದರೆ ಅವರ ಲೆಕ್ಕ ಸರಿಯೇ. ಮುದ್ರೆಯಿಲ್ಲದ ಟಿಕೆಟ್ ನಾಳೆಯೂ ಹೊಸದು, ಮುಂದಿನ ತಿಂಗಳೂ ಹೊಸದು. ಒಂದನ್ನೇ ಜೇಬಿನಲ್ಲಿಟ್ಟುಕೊಂಡು ವರ್ಷವಿಡೀ ಓಡಾಡಬಹುದು. ಹಾಗಾಗಿ ಮುದ್ರೆಯಿಲ್ಲ ಅಂದರೆ ಟಿಕೆಟ್ಟೇ ಇಲ್ಲ ಅಂತ ಲೆಕ್ಕ. ಹಿಂದೆ ನಮ್ಮ ಕಂಡಕ್ಟರ್ ಟಿಕೆಟ್‌ಗೆ ತೂತು ಹೊಡೆದು ಕೊಡುತ್ತಿದ್ದರಲ್ಲ, ಅದೇ ಕೆಲಸ. ಅಲ್ಲಿ ಅದನ್ನು ನಾವೇ ಮಾಡಿಕೊಳ್ಳಬೇಕು. ಹತ್ತಿದ ಮೇಲೆ ನೆನಪಾದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಮುದ್ರೆ ಹಾಕಿಸಿ ಮತ್ತೊಂದು ರೈಲು ಹಿಡಿಯಿರಿ. ಪೆನ್ನಿನಲ್ಲಿ ಸಮಯ ಬರೆದುಕೊಳ್ಳುವುದೆಲ್ಲ ನಡೆಯುವುದಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ತಗೊಂಡರೆ ಮುದ್ರೆಯ ರಗಳೆ ಇಲ್ಲ. ಆದರೆ ಅದನ್ನು ರೈಲು ಹತ್ತುವ ಮುಂಚೆಯೇ ತಗೊಂಡಿರಬೇಕು, ಬ್ಯಾಟರಿಯೂ ಇರಬೇಕು.

ಇನ್ನೊಂದು, ಟಿಕೆಟ್ ದರದ ವಲಯ. ಬರ್ಲಿನ್ ಎ, ಬಿ, ಸಿ ಅಂತ ಮೂರು ವಲಯ. 2020ರ ಅಕ್ಟೋಬರ್‌ನಲ್ಲಿ ಶುರುವಾದ ಈಗಿನ ವಿಮಾನ ನಿಲ್ದಾಣ ಇರುವುದು ಸಿ ವಲಯದಲ್ಲಿ. ಮೆಷಿನ್‌ನಲ್ಲಿ ಇಂಗ್ಲಿಷ್ ಆರಿಸಿ, ಎಬಿಸಿ ಟಿಕೆಟ್ಟನ್ನೇ ಒತ್ತಿ. ಎಬಿ ಟಿಕೆಟ್‌ಗೂ ಅದಕ್ಕೂ ವ್ಯತ್ಯಾಸ ಒಂದು ಯೂರೊ ಆಸುಪಾಸು, ಅದನ್ನು ಉಳಿಸಲು ಹೋದರೆ ಮತ್ತೆ ಅದೇ 60. ರೈಲು ನಿಲ್ದಾಣ ಟರ್ಮಿನಲ್ 1ರ ಕೆಳಗೇ ಇದೆ. ಮುಖ್ಯ ನಿಲ್ದಾಣಕ್ಕಾದರೆ ಎಫ್‌ಇಎಕ್ಸ್ ಅನ್ನುವ ಎಕ್ಸ್‌ಪ್ರೆಸ್ ರೈಲು ಬೇಗ ಮುಟ್ಟಿಸುತ್ತದೆ. ಎಸ್-ಬಾನ್‌ನ ಎಸ್9 ರೈಲು ನಿಧಾನ, ಆದರೆ ನಡುವಿನ ಬಡಾವಣೆಗಳಿಗೆ ಅದೇ ಅನುಕೂಲ. ರೈಲು ನಿಂತರೂ ಬಾಗಿಲು ತಾನಾಗಿ ತೆರೆಯದಿದ್ದರೆ ಬಾಗಿಲ ಮೇಲಿನ ಗುಂಡಿ ಒತ್ತಿ.

ಟ್ಯಾಕ್ಸಿ ಬೇಡವೇ ಬೇಡ ಅನ್ನುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ, ರಾತ್ರಿ 11 ದಾಟಿದರೆ ತಗೊಳ್ಳಿ. ಒಬ್ಬರೇ ಒಂದು ಸೂಟ್‌ಕೇಸ್ ಹಿಡಿದು ಹೋಗುವವರು ರೈಲಿನ ಹತ್ತು ಪಟ್ಟಿಗೂ ಮಿಕ್ಕಿ ಯಾಕೆ ಕೊಡಬೇಕು?

ಜರ್ಮನ್ ಬಾರದು ಅನ್ನುವ ಚಿಂತೆ ಬಿಡಿ. ಬರ್ಲಿನ್‌ನಲ್ಲಿ ಇಂಗ್ಲಿಷ್‌ಗೆ ತೊಂದರೆಯಿಲ್ಲ. ನೀವು ಚಿಂತೆ ಮಾಡಬೇಕಾದ್ದು ಭಾನುವಾರದ ಬಗ್ಗೆ, ಅದನ್ನು ನೀವು ಕೇಳಲೇ ಇಲ್ಲ. ಭಾನುವಾರ ಜರ್ಮನಿಯಲ್ಲಿ ಅಂಗಡಿ, ಸೂಪರ್ ಮಾರ್ಕೆಟ್ ಮುಚ್ಚಿರುತ್ತವೆ. ತೆರೆದಿರುವುದು ದೊಡ್ಡ ರೈಲು ನಿಲ್ದಾಣದೊಳಗಿನವು, ಹೋಟೆಲುಗಳು, ಕೆಲವು ಬೀದಿ ಬದಿ ಚಿಲ್ಲರೆ ಅಂಗಡಿಗಳು. ಮುಖ್ಯ ನಿಲ್ದಾಣದಲ್ಲಿ ಇಳಿದಾಗಲೇ ಬ್ರೆಡ್ಡು, ಬಾಳೆಹಣ್ಣು ತಗೊಂಡುಬಿಡಿ. ನೀರು ಕೊಳ್ಳಬೇಡಿ, ನಲ್ಲಿ ನೀರು ಕುಡಿಯಲು ಚೆನ್ನಾಗಿದೆ.

ಮನೆಯಿಂದ ಕಟ್ಟಿಕೊಡುವ ಬುತ್ತಿಯ ಬಗ್ಗೆಯೂ ಹೇಳಬೇಕು. ತುಪ್ಪ, ಪೇಡ, ಹಾಲಿನ ಸಿಹಿ ಯಾವುದನ್ನೂ ಒಯ್ಯಬೇಡಿ, ಭಾರತದಿಂದ ಹಾಲಿನ ಪದಾರ್ಥ ಮತ್ತು ಮಾಂಸ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಹಸಿ ಕರಿಬೇವೂ ಬೇಡ. ಜೇನುತುಪ್ಪ 2 ಕೆಜಿವರೆಗೆ ಒಯ್ಯಬಹುದು. ಅಪ್ಪೆಮಿಡಿ ಉಪ್ಪಿನಕಾಯಿಗೆ ತೊಂದರೆಯಿಲ್ಲ, ಆದರೆ ಕೈಚೀಲದಲ್ಲಿ ಬೇಡ, ಎಣ್ಣೆ ಸೋರದಂತೆ ಎರಡು ಪ್ಲಾಸ್ಟಿಕ್ ಕಟ್ಟಿ ದೊಡ್ಡ ಬ್ಯಾಗಿಗೆ ಹಾಕಿ.

ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆ ಆನ್ ಮಾಡಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಿಂದಾಗಿ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಅಲ್ಲಿನ ಎಟಿಎಂ ರೂಪಾಯಿಯಲ್ಲಿ ಲೆಕ್ಕ ಹಾಕಲೇ ಅಂತ ಕೇಳಿದರೆ ಬೇಡ ಅನ್ನಿ, ಯೂರೊ ಅನ್ನೇ ಒತ್ತಿ, ಇಲ್ಲದಿದ್ದರೆ ದರದಲ್ಲಿ ಹೊಡೆತ ಬೀಳುತ್ತದೆ. ಚಿಕ್ಕ ಅಂಗಡಿಗಳಲ್ಲಿ ನಮ್ಮ ಕಾರ್ಡು ನಡೆಯದೆ ಹೋಗಬಹುದು, 10, 20ರ ನೋಟುಗಳಲ್ಲಿ 100 ಯೂರೊ ಆದರೂ ಜೇಬಿನಲ್ಲಿರಲಿ.

ನಿಲ್ದಾಣದಿಂದ ಹೊರಬಂದ ಮೇಲೆ ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ, ಅಲ್ಲಿ ವಾಹನ ಬಲಬದಿಯಲ್ಲಿ ಓಡುತ್ತವೆ. ನಮ್ಮ ಕತ್ತು ತಾನಾಗಿ ಬಲಕ್ಕೇ ತಿರುಗುತ್ತದೆ, ಮೊದಲ ವಾರ ಬೇಕಂತಲೇ ತಿದ್ದಿಕೊಳ್ಳಬೇಕು. ಫುಟ್‌ಪಾತ್‌ನಲ್ಲಿ ಕೆಂಪು ಕಲ್ಲಿನ ಪಟ್ಟಿ ಕಂಡರೆ ಅದು ಸೈಕಲ್ಲಿನದು, ಸೂಟ್‌ಕೇಸ್ ನಿಲ್ಲಿಸಿಕೊಂಡು ಅಲ್ಲಿ ಮ್ಯಾಪ್ ನೋಡಬೇಡಿ.

ನೀವು ಇಳಿದುಕೊಳ್ಳುವ ಮನೆ ಹುಡುಕುವಾಗ ಎರಡು ವಿಷಯ ತಿಳಿದಿರಲಿ. ಬರ್ಲಿನ್‌ನ ಕೆಲವು ಹಳೆಯ ಬೀದಿಗಳಲ್ಲಿ ಮನೆ ಸಂಖ್ಯೆ ಒಂದು ಬದಿಯಲ್ಲಿ ಕೊನೆವರೆಗೆ ಹೋಗಿ, ಎದುರು ಬದಿಯಲ್ಲಿ ವಾಪಸ್ ಬರುತ್ತದೆ. 12ರ ಎದುರಿಗೆ 13 ಇಲ್ಲದೆ 150 ಇದ್ದರೆ ಗಾಬರಿ ಬೇಡ. ಕಟ್ಟಡದ ಬಾಗಿಲಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ, ಬೆಲ್ ಪಕ್ಕದಲ್ಲಿ ಕುಟುಂಬದ ಹೆಸರು ಮಾತ್ರ. ಬೆಲ್ ಮೇಲೆ ಯಾವ ಹೆಸರಿದೆ, ಬೀದಿ ಕಡೆಯ ಕಟ್ಟಡವೋ ಹಿಂದಿನ ಅಂಗಳದ್ದೋ, ಎಷ್ಟನೇ ಮಹಡಿ, ಇಷ್ಟನ್ನು ಆ ಮನೆಯವರಿಂದ ಮುಂಚೆಯೇ ಕೇಳಿ ಕಾಗದದ ಮೇಲೆ ಬರೆದುಕೊಳ್ಳಿ. ಮೆಟ್ಟಿಲ ದೀಪ ಸ್ವಲ್ಪ ಹೊತ್ತಿಗೆ ತಾನಾಗಿ ಆರುತ್ತದೆ, ಗೋಡೆಯ ಮೇಲಿನ ಗುಂಡಿ ಒತ್ತಿದರೆ ಮತ್ತೆ ಹತ್ತುತ್ತದೆ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದಿರುವುದೇ ಹೆಚ್ಚು, ರಾತ್ರಿ 10ರ ಮೇಲೆ ಸದ್ದು ಮಾಡುವಂತೆಯೂ ಇಲ್ಲ. ಅದಕ್ಕೇ ನಿಮ್ಮ ವಿಮಾನದ ಟಿಕೆಟ್‌ನಲ್ಲಿ ಅವಕಾಶವಿದ್ದರೆ 23 ಕೆಜಿಯ ಒಂದೇ ಸೂಟ್‌ಕೇಸ್ ಬದಲು 12 ಕೆಜಿಯ ಎರಡು ಬ್ಯಾಗ್ ಮಾಡಿಕೊಳ್ಳಿ, ನಾಲ್ಕನೇ ಮಹಡಿಗಾದರೂ ಎತ್ತಿಕೊಂಡೇ ಹತ್ತಬಹುದು.