ಕಂದು ಟೋಪಿಯ ಅಣಬೆಗೆ ಸೀಸಿಯಂ ಯಾಕೆ ಅಂಟಿಕೊಳ್ಳುತ್ತದೆ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು, ಈಗ ಮ್ಯೂನಿಕ್‌ನಲ್ಲಿದ್ದೇವೆ. ಸೆಪ್ಟೆಂಬರ್ ಬಂತೆಂದರೆ ಇಲ್ಲಿನವರು ಬುಟ್ಟಿ ಹಿಡಿದು ಕಾಡಿಗೆ ಹೋಗಿ ಅಣಬೆ ಆರಿಸುತ್ತಾರೆ. ಪಕ್ಕದ ಮನೆಯ ಅಜ್ಜಿ ಮಾತ್ರ ‘ಮರೋನೆ’ ಎಂಬ ಕಂದು ಅಣಬೆಯನ್ನು ಮುಟ್ಟುವುದಿಲ್ಲ. ಚೆರ್ನೊಬಿಲ್ ವಿಕಿರಣ ಅದರಲ್ಲಿ ಇನ್ನೂ ಇದೆ ಅನ್ನುತ್ತಾರೆ. ಅದರಲ್ಲೇ ಯಾಕೆ? ಊರಲ್ಲಿ ಅಪ್ಪ ಅಡಿಕೆ ಕೊಳೆಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಹೊಡೆಯುತ್ತಾರೆ. ಲೋಹ ಅಂದರೆ ಅಣಬೆ, ಬೂಷ್ಟುಗಳಿಗೆ ವಿಷ ಅಲ್ವಾ?

ಉತ್ತರ: ಇದು ಅಜ್ಜಿಕಥೆಯಲ್ಲ. 1986ರ ಏಪ್ರಿಲ್ 26ರಂದು ಉಕ್ರೇನಿನ ಚೆರ್ನೊಬಿಲ್ ಅಣು ವಿದ್ಯುತ್ ಸ್ಥಾವರದ ರಿಯಾಕ್ಟರ್ ಸಿಡಿಯಿತು. ಅದರಿಂದೆದ್ದ ವಿಕಿರಣದ ಮೋಡ ದಕ್ಷಿಣ ಜರ್ಮನಿಗೆ ಬಂದಾಗ ಅಲ್ಲಿ ಮಳೆ. ಅದರಲ್ಲಿದ್ದ ಸೀಸಿಯಂ-137 ಎಂಬ ವಿಕಿರಣ ಸೂಸುವ ಲೋಹ ನೆಲಕ್ಕಿಳಿಯಿತು. ಅದು ಅರ್ಧವಾಗಲು ಸುಮಾರು 30 ವರ್ಷ ಬೇಕು. ಹೊಲದಲ್ಲಿ ಜೇಡಿಮಣ್ಣು ಅದನ್ನು ಕಚ್ಚಿ ಹಿಡಿಯುತ್ತದೆ, ಬೆಳೆಗೆ ಸಿಗುವುದು ಕಡಿಮೆ. ಕಾಡಿನ ತರಗೆಲೆ ಮಣ್ಣಿನಲ್ಲಿ ಹಾಗಿಲ್ಲ. ಅಣಬೆಯ ಎಳೆಗಳು ಹೀರುತ್ತವೆ, ಅಣಬೆ ಕೊಳೆತಾಗ ಅದು ಮತ್ತೆ ಅದೇ ಮಣ್ಣಿಗೆ.

ಅಣಬೆಗೆ ಬೇಕಿರುವುದು ಪೊಟ್ಯಾಸಿಯಂ. ಸೀಸಿಯಂ ಅದರದೇ ಕುಲದ್ದು, ಅದೇ ಬಾಗಿಲಲ್ಲಿ ನುಸುಳುತ್ತದೆ. ಬೇರೆ ಅಣಬೆಗಳಲ್ಲೂ ಇದು ಆಗುತ್ತದೆ. ಮರೋನೆಯ ವಿಶೇಷ ಅದರ ಬಣ್ಣದಲ್ಲಿದೆ. ಟೋಪಿಯ ಸಿಪ್ಪೆಗೆ ಆ ಕಂದು ಕೊಡುವುದು ಬೇಡಿಯೋನ್ ಮತ್ತು ನಾರ್‌ಬೇಡಿಯೋನ್ ಎಂಬ ಆಮ್ಲಗಳು. ಇವುಗಳಿಗೆ ಪೊಟ್ಯಾಸಿಯಂ ಅಂಟಿಕೊಂಡಿರುತ್ತದೆ. ಆ ಜಾಗಕ್ಕೆ ಸೀಸಿಯಂ ಬಂದರೆ ಅದನ್ನೂ ಹಿಡಿದುಕೊಳ್ಳುತ್ತವೆ. ಜರ್ಮನಿಯ ರಸಾಯನ ವಿಜ್ಞಾನಿ ವೋಲ್ಫ್‌ಗಾಂಗ್ ಸ್ಟೆಗ್ಲಿಷ್ ಮತ್ತು ಸಂಗಡಿಗರು 1989ರಲ್ಲಿ ಇದನ್ನು ತೋರಿಸಿಕೊಟ್ಟರು. ಹಾಗಾಗಿಯೇ ದಂಟಿಗಿಂತ ಟೋಪಿಯಲ್ಲಿ ಸೀಸಿಯಂ ಜಾಸ್ತಿ.

ಇಷ್ಟಾದರೂ ಅಣಬೆ ಸಾಯುವುದಿಲ್ಲ, ಯಾಕೆಂದರೆ ತೂಕದಲ್ಲಿ ಆ ಸೀಸಿಯಂ ಏನೇನೂ ಅಲ್ಲ. ಜರ್ಮನಿಯಲ್ಲಿ ಮಾರಾಟದ ಅಣಬೆಗೆ ಕಿಲೋಗೆ 600 ಬೆಕ್ವೆರೆಲ್ (ವಿಕಿರಣದ ಒಂದು ಅಳತೆ) ಮಿತಿ ಇದೆ. ಅಷ್ಟು ವಿಕಿರಣಕ್ಕೆ ಬೇಕಾದ ಸೀಸಿಯಂ-137, ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರ ಒಂದು ಪಾಲಿಗಿಂತಲೂ ಕಡಿಮೆ!

ಮೈಲುತುತ್ತಿನ ಲೆಕ್ಕ ಬೇರೆ. ಅಪ್ಪ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ತಾಮ್ರ ಧಾರಾಳವಾಗಿರುತ್ತದೆ, ಅದು ವಿಷವೇ. (ಕೊಳೆರೋಗ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೂ ಅಲ್ಲ, ಪಾಚಿಗಳ ದೂರದ ನೆಂಟ.) ಆದರೆ ಎಲ್ಲ ಬೂಷ್ಟೂ ತಾಮ್ರಕ್ಕೆ ಬಗ್ಗುವುದಿಲ್ಲ. ಕ್ಷಯದ ಔಷಧಿ ಸ್ಟ್ರೆಪ್ಟೊಮೈಸಿನ್ ಖ್ಯಾತಿಯ ವಿಜ್ಞಾನಿ ವಾಕ್ಸ್‌ಮನ್ ಅವರು ಸ್ಟಾರ್ಕಿ ಜೊತೆ 1943ರಲ್ಲಿ ವರದಿ ಮಾಡಿದ ಬೂಷ್ಟುಗಳು, ಗಂಧಕಾಮ್ಲ ಬೆರೆತ ನೂರಕ್ಕೆ 4ರಷ್ಟು ಮೈಲುತುತ್ತಿನ ನೀರಿನಲ್ಲೂ ಬೆಳೆದಿದ್ದವು. ಹೀಗೆ ಬದುಕಲು ಬೂಷ್ಟುಗಳಿಗೆ ಹಲವು ದಾರಿಗಳಿವೆ. ಕೆಲವು ಆಕ್ಸಾಲಿಕ್ ಆಮ್ಲ ಕಕ್ಕಿ ತಾಮ್ರವನ್ನು ಕರಗದ ಹರಳಾಗಿಸಿ ಹೊರಗೇ ಕೂರಿಸುತ್ತವೆ. ಕಪ್ಪು ಬೂಷ್ಟುಗಳ ಗೋಡೆಯಲ್ಲಿ ಮೆಲನಿನ್ ಇರುತ್ತದೆ, ನಮ್ಮ ಕೂದಲಿಗೆ ಕಪ್ಪು ಕೊಡುವ ಬಣ್ಣದ ಸಂಬಂಧಿ. ಲೋಹ ಒಳಗೆ ಹೋಗುವ ಮೊದಲೇ ಅದಕ್ಕೆ ಸಿಕ್ಕಿಬೀಳುತ್ತದೆ. ಅದನ್ನೂ ದಾಟಿ ಬಂದದ್ದನ್ನು ಪುಟ್ಟ ಪ್ರೋಟೀನ್‌ಗಳು ಕಟ್ಟಿಹಾಕುತ್ತವೆ.

ಹಾಗಾದರೆ ಮರೋನೆ ತಿನ್ನಬಹುದಾ? ಅಪರೂಪಕ್ಕೊಮ್ಮೆ ತಿಂದರೆ ಹೆದರಬೇಕಿಲ್ಲ. ಕಾಡಿನ ಅಣಬೆ ವಾರಕ್ಕೆ 250 ಗ್ರಾಂ ದಾಟದಿದ್ದರೆ ಒಳ್ಳೆಯದು. ಬೇಯಿಸಿದ ನೀರನ್ನು ಸಾರಿಗೆ ಹಾಕದೆ ಚೆಲ್ಲಿ. ಸೀಸಿಯಂ ನೀರಿಗೆ ಇಳಿಯುವಂಥದ್ದು, ಒಂದಷ್ಟು ಅದರ ಜೊತೆ ಹೋಗುತ್ತದೆ. ಅಂಗಡಿಯ ಬಿಳಿ ಬಟನ್ ಅಣಬೆ ಬೆಳೆಸಿದ್ದು, ಅದಕ್ಕೆ ಈ ತಕರಾರಿಲ್ಲ.