ಮಾಲ್ಟಾ ಪ್ರವಾಸ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಕ್ಷೆಯಲ್ಲಿ ಮಾಲ್ಟಾ ಚುಕ್ಕಿಯಷ್ಟೇ ಕಾಣುತ್ತದೆ. ಮೂರು ದಿನದಲ್ಲಿ ಎಲ್ಲ ನೋಡಿ ಮುಗಿಸಬಹುದೇ? ಯಾವ ವೀಸಾ ಬೇಕು?

ಉತ್ತರ: ಮೂರು ದಿನ ಸಾಲದು, ಐದು ದಿನವಾದರೂ ಇಟ್ಟುಕೊಳ್ಳಿ. ಸಿಸಿಲಿಯಿಂದ ದಕ್ಷಿಣಕ್ಕೆ ಸುಮಾರು 90 ಕಿ.ಮೀ. ದೂರದ ಈ ದೇಶದ ವಿಸ್ತೀರ್ಣ 316 ಚದರ ಕಿ.ಮೀ. ಮಾತ್ರ. ಜನ ವಾಸವಿರುವುದು ಮಾಲ್ಟಾ, ಗೋಜೊ, ಕೊಮಿನೊ ಎಂಬ ಮೂರು ದ್ವೀಪಗಳಲ್ಲಿ. ದೂರ ಕಡಿಮೆ ಎಂದು ದಿನಕ್ಕೆ ಐದಾರು ಜಾಗ ಪಟ್ಟಿ ಮಾಡಿಕೊಂಡವರ ಲೆಕ್ಕ ತಪ್ಪುವುದು ರಸ್ತೆಯಲ್ಲಿ. ದಾರಿಗಳು ಕಿರಿದು, ವಾಹನಗಳು ವಿಪರೀತ. ರಾಜಧಾನಿ ವಲೆಟ್ಟಾದಿಂದ ಉತ್ತರ ತುದಿಯ ಚಿರ್ಕೆವ್ವಕ್ಕೆ ಸುಮಾರು 25 ಕಿ.ಮೀ.; 41 ಅಥವಾ 42ನೇ ನಂಬರಿನ ಬಸ್ಸಿಗೆ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ನಿಲ್ದಾಣದಲ್ಲಿ ಸುಮ್ಮನೆ ನಿಂತರೆ ಬಸ್ಸು ನಿಲ್ಲದು, ಕೈ ತೋರಿಸಬೇಕು. ತುಂಬಿದ್ದರೆ ಕೈ ತೋರಿಸಿದರೂ ನಿಲ್ಲುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಬಸ್ಸು ಹೊರಡುವ ವಲೆಟ್ಟಾದಲ್ಲೇ ಹತ್ತುವುದು ಲೇಸು.

ಮಾಲ್ಟಾ 2007ರಿಂದ ಷೆಂಗೆನ್ ವಲಯದಲ್ಲಿದೆ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಕೂಟ), 2008ರಿಂದ ಅಲ್ಲಿ ಯೂರೊ ಚಲಾವಣೆಯಲ್ಲಿದೆ. ಬೇಕಾದದ್ದು ಷೆಂಗೆನ್ ವೀಸಾ. ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ. ಇಟಲಿಯನ್ನೂ ನೋಡುವ ಯೋಚನೆಯಿದ್ದರೆ, ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು.

ಪ್ರಶ್ನೆ: ಹೈಪೋಜಿಯಂಗೆ ಟಿಕೆಟ್ ಸಿಗುವುದೇ ಇಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ತಡ ಮಾಡಿದರೆ ನಿಜ. ಪಾವ್ಲಾ ಊರಿನ ಮನೆಗಳ ಅಡಿಯಲ್ಲಿ, ಸುಣ್ಣಕಲ್ಲಿನ ಬಂಡೆ ಕೊರೆದು ಐದು ಸಾವಿರ ವರ್ಷಕ್ಕೂ ಹಿಂದೆ ಮಾಡಿದ ಭೂಗತ ಸಮಾಧಿ ಇದು. ಚಾವಣಿಯ ಮೇಲೆ ಕೆಮ್ಮಣ್ಣಿನ ಸುರುಳಿ ಚಿತ್ರಗಳಿವೆ. ಜನರ ಉಸಿರಿನಿಂದ ಒಳಗಿನ ತೇವ, ಇಂಗಾಲದ ಡೈಆಕ್ಸೈಡ್ ಏರಿದರೆ ಆ ಬಣ್ಣ ಉಳಿಯದು. ಅದಕ್ಕೇ ಗಂಟೆಗೆ 10, ದಿನಕ್ಕೆ 80 ಮಂದಿಗಷ್ಟೇ ಪ್ರವೇಶ, ಫೋಟೊ ತೆಗೆಯುವಂತಿಲ್ಲ. ವಿಮಾನದ ಟಿಕೆಟ್ ಆದ ಕೂಡಲೇ ಇಂಥ ಪುರಾತನ ತಾಣಗಳನ್ನು ನೋಡಿಕೊಳ್ಳುವ ಹೆರಿಟೇಜ್ ಮಾಲ್ಟಾ ಸಂಸ್ಥೆಯ ಜಾಲತಾಣದಲ್ಲಿ ಇದನ್ನು ಕಾದಿರಿಸಿ, ಉಳಿದ ಕಾರ್ಯಕ್ರಮವನ್ನು ಅದರ ಸುತ್ತ ಹೊಂದಿಸಿಕೊಳ್ಳಿ. ಸಿಗದಿದ್ದರೆ ಬೇಸರ ಬೇಡ: ಹಜರ್ ಈಮ್, ಇಮ್ನೈದ್ರಾ ದೇವಾಲಯಗಳೂ ಅದೇ ಕಾಲದವು, ಅಲ್ಲಿ ಇಷ್ಟು ಕಟ್ಟುನಿಟ್ಟಿಲ್ಲ.

ಪ್ರಶ್ನೆ: ಮಕ್ಕಳೊಂದಿಗೆ ಸಮುದ್ರಕ್ಕಿಳಿಯಲು ಯಾವ ಕಡಲತೀರ ಒಳ್ಳೆಯದು?

ಉತ್ತರ: ಅದನ್ನು ಆ ದಿನದ ಗಾಳಿ ನಿರ್ಧರಿಸುತ್ತದೆ. ಬೆಳಗ್ಗೆ ಮೊದಲು ಗಾಳಿಯ ದಿಕ್ಕು ನೋಡಿ, ನಂತರ ತೀರ ಆರಿಸಿ. ಇಲ್ಲಿ ಹೆಚ್ಚಾಗಿ ಬೀಸುವುದು ವಾಯವ್ಯದ ಗಾಳಿ. ಅದು ಜೋರಾದ ದಿನ ಪಶ್ಚಿಮದ ಗೋಲ್ಡನ್ ಬೇ, ಐನ್ ತುಫೀಹಾ ತೀರಗಳಲ್ಲಿ ಅಲೆ ಎದ್ದು, ನೀರು ಸಮುದ್ರದೊಳಕ್ಕೆ ಸೆಳೆಯುತ್ತದೆ. ಬಿಸಿಲು ಎಷ್ಟೇ ಚೆನ್ನಾಗಿದ್ದರೂ ಮಕ್ಕಳನ್ನು ಇಳಿಸಬೇಡಿ. ಅದೇ ಹೊತ್ತಿಗೆ ಆಗ್ನೇಯದ ಪ್ರೆಟಿ ಬೇ ಶಾಂತವಾಗಿರುತ್ತದೆ. ಈಶಾನ್ಯದ ಗಾಳಿ ಬಂದರೆ ಸ್ಲೀಮಾ ಕಡೆಯ ತೀರ ಕೆರಳುತ್ತದೆ, ಪಶ್ಚಿಮದ ತೀರ ಶಾಂತವಾಗುತ್ತದೆ. ಕೆಂಪು ಬಾವುಟ ಹಾರುತ್ತಿದ್ದರೆ ಈಜಬಾರದು. ನೇರಳೆ ಬಾವುಟವೆಂದರೆ ಲೋಳೆಮೀನಿನ ಎಚ್ಚರಿಕೆ.

ಮರಳಿನ ತೀರಗಳು ಕಡಿಮೆ. ಸ್ಲೀಮಾದಂಥ ಕಡೆ ಚಪ್ಪಟೆ ಬಂಡೆಯ ಮೇಲಿಂದ ನೀರಿಗಿಳಿಯಬೇಕು. ಇಳಿಯುವುದು ಸುಲಭ, ಹತ್ತುವಾಗಲೇ ಪೆಟ್ಟು. ನೀರು ತಾಕುವ ಅಂಚಿನಲ್ಲಿ ಹಸಿರು ಪಾಚಿ ಕಟ್ಟಿರುತ್ತದೆ, ಬಿರುಕುಗಳಲ್ಲಿ ಮುಳ್ಳಿನ ಕಡಲಜೀವಿಗಳು ಕೂತಿರುತ್ತವೆ. ಬಂಡೆಗೆ ಜಡಿದ ಕಬ್ಬಿಣದ ಏಣಿ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ, ಕಾಲಿಗೆ ರಬ್ಬರ್ ಬೂಟು ಇರಲಿ.

ಪ್ರಶ್ನೆ: ಗೋಜೊಗೆ ಹೋಗುವುದು ಹೇಗೆ? ಅಲ್ಲಿನ ಕಲ್ಲಿನ ಕಮಾನು ನೋಡಬೇಕೆಂಬ ಆಸೆ.

ಉತ್ತರ: ಅಜೂರ್ ವಿಂಡೊ ಎಂಬ ಆ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಸಮುದ್ರಕ್ಕೆ ಕುಸಿಯಿತು. ಹಳೆಯ ಚಿತ್ರಗಳು ಈಗಲೂ ಓಡಾಡುತ್ತಿವೆ, ನಂಬಬೇಡಿ. ಆದರೂ ಜಿಗಾಂತಿಯಾ ದೇವಾಲಯಕ್ಕಾಗಿ, ರಮ್ಲಾ ಕಡಲತೀರದ ಕೆಂಪು ಮರಳಿಗಾಗಿ ಗೋಜೊಗೆ ಹೋಗಲೇಬೇಕು, ಸಾಧ್ಯವಾದರೆ ಒಂದು ರಾತ್ರಿ ಉಳಿಯಿರಿ. ಚಿರ್ಕೆವ್ವದಿಂದ ಫೆರ್ರಿಯಲ್ಲಿ ಸುಮಾರು 25 ನಿಮಿಷ. ಹೋಗುವಾಗ ಟಿಕೆಟ್ ಕೇಳುವುದಿಲ್ಲ, ಮರಳುವಾಗ ಇಮ್ಜಾರ್ ಬಂದರಿನಲ್ಲಿ ಹಣ ಕಟ್ಟಬೇಕು. ವಲೆಟ್ಟಾದಿಂದ ವೇಗದ ದೋಣಿಯೂ ಇದೆ, ಸುಮಾರು 45 ನಿಮಿಷ. ಸಮುದ್ರ ಒರಟಾದರೆ ಮೊದಲು ರದ್ದಾಗುವುದು ಇದೇ.

ಪ್ರಶ್ನೆ: ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ?

ಉತ್ತರ: ಬೀದಿಬೀದಿಯಲ್ಲಿ ಸಿಗುವುದು ಪಸ್ತಿತ್ಸಿ: ಪದರ ಪದರವಾದ ಹಿಟ್ಟಿನೊಳಗೆ ರಿಕೋಟಾ ಚೀಸ್ ಅಥವಾ ಬಟಾಣಿಯ ಹೂರಣ. ಹಿಟ್ಟಿಗೆ ಹಂದಿಯ ಕೊಬ್ಬು ಹಾಕುವ ಹಳೆಯ ಪದ್ಧತಿ ಇದೆ, ಕೇಳಿಯೇ ತಿನ್ನಿ. ಫ್ತೀರಾ ಎಂಬ ರೊಟ್ಟಿಯಲ್ಲಿ ಸಾಮಾನ್ಯವಾಗಿ ಟ್ಯೂನಾ ಮೀನು ಇರುತ್ತದೆ. ಅದು ಬೇಡವೆಂದರೆ ಟೊಮೆಟೊ, ಆಲಿವ್ ಹಾಕಿ ಕೊಡುತ್ತಾರೆ. ಅವರೆಯ ಬಳಗದ ಕಾಳನ್ನು ಬೆಳ್ಳುಳ್ಳಿಯೊಂದಿಗೆ ಅರೆದ ಬಿಗಿಲ್ಲಾ ರುಚಿಯಾಗಿರುತ್ತದೆ. ಇಂಗ್ಲಿಷ್ ಅಲ್ಲಿನ ಅಧಿಕೃತ ಭಾಷೆಗಳಲ್ಲೊಂದು, ಆದ್ದರಿಂದ ಕೇಳಿ ತಿಳಿಯುವುದು ಕಷ್ಟವಲ್ಲ.